ಹ್ಯಾಲೋವೀನ್: ಬಾಗಿಲು ತೆರೆಯುವ ಮುನ್ನ ಓದಿ

ಮೊದಲ ಮಾತು

ಅಭಿನಂದನೆಗಳು. ಅಮೆರಿಕದ ಉಪನಗರವೊಂದರಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕಿದ ದಿನವೇ ಅಕ್ಟೋಬರ್ 31ರ ಸಂಜೆಯೊಂದು ನಿಮ್ಮ ಪಾಲಿಗೆ ಬಂದಿದೆ. ಇದಕ್ಕೆ ಬೇರೆ ದುಡ್ಡಿಲ್ಲ. ಬೇಡವೆಂದು ವಾಪಸ್ ಕೊಡಲು ಬರುವುದಿಲ್ಲ. ಒಮ್ಮೆ ಶುರುವಾದರೆ ಸುಮಾರು ಮೂರು ಗಂಟೆ ತಾನಾಗಿ ಓಡಿ ತಾನಾಗಿ ನಿಲ್ಲುತ್ತದೆ. ನಡುವೆ ನಿಲ್ಲಿಸುವ ಗುಂಡಿ ಒಂದಿದೆ. ಅದರ ವಿಚಾರ ಮುಂದೆ ಬರುತ್ತದೆ.

ಈ ಕೈಪಿಡಿ ಇರುವುದು ಆಗಸ್ಟ್‌ನಲ್ಲಿ ಪ್ರೆಷರ್ ಕುಕ್ಕರ್, ಸಾರಿನ ಪುಡಿ, ಮಗುವಿನ ಲಸಿಕೆ ಪುಸ್ತಕ ಹಿಡಿದುಕೊಂಡು ಬಂದಿಳಿದ ಸಂಸಾರಗಳಿಗಾಗಿ. ಎದುರು ಮನೆಯವರ ಕಾರು ಯಾವುದೆಂದು ನಿಮಗೆ ಗೊತ್ತು, ಅದರ ನಂಬರೂ ಬಾಯಿಪಾಠ. ಅವರ ಹೆಸರು ಗೊತ್ತಿಲ್ಲ. ನಿಮ್ಮ ಕರೆಗಂಟೆಯನ್ನು ಇದುವರೆಗೆ ಒತ್ತಿದವರೆಲ್ಲ ಪೆಟ್ಟಿಗೆ ಕೆಳಗಿಟ್ಟು, ಅದರ ಫೋಟೊ ತೆಗೆದು, ನೀವು ಚಿಲಕ ತೆಗೆಯುವಷ್ಟರಲ್ಲಿ ವ್ಯಾನ್ ಹತ್ತಿದವರು. ಒಂದು ಲೋಟ ಸಕ್ಕರೆ ಕೇಳಿಕೊಂಡು ಯಾರೂ ಬಂದಿಲ್ಲ. ನೀವೂ ಹೋಗಿಲ್ಲ. ಮೊದಲೇ ಮೆಸೇಜ್ ಕಳಿಸದೆ ಒಬ್ಬರ ಬಾಗಿಲು ತಟ್ಟುವುದು ಇಲ್ಲಿ ಪೊಲೀಸರ ಕೆಲಸ. ಇಂಥ ದೇಶದಲ್ಲಿ ವರ್ಷಕ್ಕೊಂದು ಸಂಜೆ ಬೀದಿಯ ಮಕ್ಕಳೆಲ್ಲ ಗುರುತು ಪರಿಚಯವಿಲ್ಲದ ಮನೆಗಳ ಬಾಗಿಲು ತಟ್ಟಿ ಸಿಹಿ ಕೇಳುತ್ತಾರೆ, ದೊಡ್ಡವರು ನಗುತ್ತಾ ಕೊಡುತ್ತಾರೆ. ಭೂತ, ಮಾಟಗಾತಿ, ಅಸ್ಥಿಪಂಜರ ಇವೆಲ್ಲ ಹೊರಗಿನ ಪ್ಯಾಕಿಂಗ್. ಒಳಗಿರುವ ಸಾಮಾನು ಬಾಗಿಲು.

ತಯಾರಕರು

ಮೂಲ ತಯಾರಿಕೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. ಸುಗ್ಗಿ ಮುಗಿದು ಚಳಿ ಹೊಕ್ಕುವ ರಾತ್ರಿ ಸತ್ತವರು ಈ ಲೋಕದ ಕಡೆ ಸುಳಿಯುತ್ತಾರೆ ಎಂದು ನಂಬಿದ್ದ ಕೆಲ್ಟಿಕ್ ಜನರ ಹಳೆಯ ಹಬ್ಬ ಒಂದಿತ್ತು. ನವೆಂಬರ್ 1ಕ್ಕೆ ಕ್ರೈಸ್ತರ ಸಕಲ ಸಂತರ ದಿನ ಬಂತು. ಅದರ ಮುನ್ನಾದಿನದ ಸಂಜೆಗೆ ಎರಡೂ ಸೇರಿಕೊಂಡವು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಘೋರ ಕ್ಷಾಮ ಬಿದ್ದಾಗ ಹಡಗು ಹತ್ತಿದ ಲಕ್ಷಾಂತರ ಜನರ ಜೊತೆ ಇದೂ ಅಮೆರಿಕಕ್ಕೆ ಬಂತು. ಹಾಗಾಗಿ ಇದನ್ನು ‘ಅವರ ಹಬ್ಬ’ ಎನ್ನುವ ಮುನ್ನ ನೆನಪಿರಲಿ: ಇದೂ ವಲಸೆ ಬಂದದ್ದೇ, ಇದಕ್ಕೂ ಮೊದಲಿಗೆ ಇಲ್ಲಿ ಯಾರ ಪರಿಚಯವೂ ಇರಲಿಲ್ಲ.

ಇಲ್ಲಿಗೆ ಬಂದ ಮೇಲೆ ಕೆಲಕಾಲ ಇದು ಪುಂಡ ಹುಡುಗರ ಕೈಗೆ ಸಿಕ್ಕಿತ್ತು. ಕಿಟಕಿಗೆ ಸೋಪು ಬಳಿಯುವುದು, ದನ ಬಿಚ್ಚಿ ಬೀದಿಗೆ ಬಿಡುವುದು, ಹಿತ್ತಲ ಕಕ್ಕಸನ್ನು ಕೆಡವುವುದು. ಮಿನ್ನೆಸೋಟಾದ ಅನೋಕಾ ಎಂಬ ಪಟ್ಟಣ ಇದರಿಂದ ಬೇಸತ್ತು 1920ರಲ್ಲಿ ಮೆರವಣಿಗೆ ಏರ್ಪಡಿಸಿ ಹುಡುಗರನ್ನು ಅದರಲ್ಲಿ ದಣಿಸಿತು. ಇಂದಿಗೂ ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಕಾಮನಹಬ್ಬಕ್ಕೆ ಸೌದೆ, ಬೆರಣಿ, ಯಾರದೋ ಹಿತ್ತಲ ಮುರುಕು ಬಾಗಿಲು ಎಲ್ಲವನ್ನೂ ಎತ್ತಿಕೊಂಡು ಹೋಗಿ ಬೆಳೆದವರಿಗೆ ಇದರಲ್ಲಿ ಹೊಸದೇನಿಲ್ಲ. ಪುಂಡರ ಕೈಗೆ ತಿಂಡಿ ಹಾಕಿ ಸಾಗಹಾಕುವ ಉಪಾಯ 1930ರ ದಶಕದಲ್ಲಿ ಹಬ್ಬಿತು, ಎರಡನೇ ಮಹಾಯುದ್ಧದ ಸಕ್ಕರೆ ರೇಷನ್ನಿನಲ್ಲಿ ಬಾಡಿತು, ಯುದ್ಧ ಮುಗಿದ ಮೇಲೆ ಬೇರುಬಿಟ್ಟಿತು. ಆರು ವರ್ಷದ ರಾಜಕುಮಾರಿಯೊಬ್ಬಳು ನಿಮ್ಮ ಹೊಸ್ತಿಲಲ್ಲಿ ‘ಟ್ರಿಕ್ ಆರ್ ಟ್ರೀಟ್’ ಎಂದು ಉಲಿದಾಗ ಕರಗಿಹೋಗಿ, ತಪ್ಪಿಲ್ಲ. ಆದರೆ ಅದು ಹುಟ್ಟಿದ್ದು ಬೆದರಿಕೆಯಾಗಿ: ಕೊಡ್ತೀಯೋ, ಕಿತಾಪತಿ ಮಾಡ್ಲೋ?

ಕುಂಬಳಕಾಯಿ: ಜೋಡಿಸುವ ಕ್ರಮ

ಸೆಪ್ಟೆಂಬರ್ ಕೊನೆಯಿಂದಲೇ ಅಂಗಡಿಗಳ ಮುಂದೆ ಕಿತ್ತಳೆ ಬಣ್ಣದ ಕುಂಬಳಕಾಯಿಗಳ ರಾಶಿ ಬೀಳುತ್ತದೆ. ಬೆಲೆ ನೋಡಿದಾಕ್ಷಣ ನಿಮ್ಮೊಳಗಿನ ಕನ್ನಡಿಗ ‘ಹುಳಿಗೆ ಆಯ್ತು, ಪಲ್ಯಕ್ಕೂ ಆಯ್ತು’ ಎಂದು ಲೆಕ್ಕ ಹಾಕುತ್ತಾನೆ. ಅವನನ್ನು ತಡೆಯಿರಿ. ಕೊರೆಯಲು ಮಾರುವ ಕಾಯಿ ಹೆಚ್ಚಾಗಿ ಹೌಡನ್ ತಳಿಯದು ಅಥವಾ ಅದರ ಸಂಬಂಧಿ. ಜಾನ್ ಹೌಡನ್ ಎಂಬ ಮ್ಯಾಸಚೂಸೆಟ್ಸ್‌ನ ರೈತ ಇದನ್ನು ರೂಪಿಸಿದ್ದು ಗಟ್ಟಿ ತೊಟ್ಟು, ಎದ್ದು ಕಾಣುವ ಏಣು, ಅಚ್ಚುಕಟ್ಟಾದ ಆಕಾರಕ್ಕಾಗಿ. ರುಚಿಯ ಮಾತು ಅಲ್ಲಿ ಬರಲೇ ಇಲ್ಲ. ಒಳಗೆ ನಾರು, ನೀರು, ಸಪ್ಪೆ. ಹುಳಿ ಮಾಡಿದರೆ ತಿನ್ನಬಹುದು, ಎರಡನೇ ಸಲ ಬಡಿಸಲಾಗದು. ಅಡುಗೆಗೆ ಬೇಕಾದರೆ ಪಕ್ಕದಲ್ಲೇ ಸಣ್ಣ ಗಾತ್ರದ ಪೈ ಕುಂಬಳ ಇರುತ್ತದೆ, ಅದನ್ನು ಕೊಳ್ಳಿ. ಅಮೆರಿಕನ್ನರು ಥ್ಯಾಂಕ್ಸ್‌ಗಿವಿಂಗ್‌ಗೆ ಡಬ್ಬಿಯಿಂದ ತೆಗೆದು ಕಡುಬಿಗೆ ತುಂಬುವ ಕುಂಬಳವಂತೂ ಬೇರೆಯೇ ಜಾತಿ. ಅದರ ಬಹುಪಾಲು ಬೆಳೆಯುವುದು ಇಲಿನಾಯ್ ರಾಜ್ಯದಲ್ಲಿ, ಸಿಪ್ಪೆಯ ಬಣ್ಣ ಗೋದಿಯದು. ಭೂತದ ಮುಖಕ್ಕೆ ಅದು ನಾಲಾಯಕ್ಕು.

ಕೊರೆಯುವುದು ಹೀಗೆ. ತೊಟ್ಟಿನ ಸುತ್ತ ಮುಚ್ಚಳದಂತೆ ಕತ್ತರಿಸಿ, ಚೂರಿಯನ್ನು ಓರೆಯಾಗಿ ಹಿಡಿದು. ನೇರ ಕತ್ತರಿಸಿದರೆ ಮುಚ್ಚಳ ಒಳಗೆ ಬಿದ್ದು ಮಗು ಅಳುತ್ತದೆ. ಬೀಜ ಮತ್ತು ನಾರನ್ನು ಕೈಯಿಂದಲೇ ಬಗೆದು ತೆಗೆಯಿರಿ. ಬೀಜ ಎಸೆಯಬೇಡಿ, ತೊಳೆದು ಒಣಗಿಸಿ, ಉಪ್ಪು ಖಾರ ಹಾಕಿ ಒಲೆಯಲ್ಲಿ ಹುರಿಯಿರಿ. ಇಡೀ ಹಬ್ಬದಲ್ಲಿ ಸಕ್ಕರೆ ಇಲ್ಲದ ಪದಾರ್ಥ ಇದೊಂದೇ. ಆಮೇಲೆ ಕಣ್ಣು, ಮೂಗು, ಹಲ್ಲು. ಐರ್ಲೆಂಡಿನಲ್ಲಿ ಇದನ್ನು ಟರ್ನಿಪ್ ಗಡ್ಡೆಯಲ್ಲಿ ಕೊರೆಯುತ್ತಿದ್ದರು. ಹಳೆಯ ಟರ್ನಿಪ್ ಮುಖಗಳ ಚಿತ್ರ ನೋಡಿದರೆ ನಿಜಕ್ಕೂ ನಡುಕ ಹುಟ್ಟುತ್ತದೆ. ಕುಂಬಳಕಾಯಿ ಎಷ್ಟು ಪ್ರಯತ್ನಪಟ್ಟರೂ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡ ಮಾವನ ಹಾಗೆ ಕಾಣುತ್ತದೆ. ಅಮೆರಿಕ ಈ ಹಬ್ಬದ ಭಯವನ್ನು ತೆಗೆದದ್ದು ಇಲ್ಲಿಂದಲೇ ಎಂದು ನನ್ನ ಗುಮಾನಿ.

ಅಕ್ಟೋಬರ್ 31ಕ್ಕೆ ಮೂರ್ನಾಲ್ಕು ದಿನ ಮೊದಲು ಕೊರೆದರೆ ಸಾಕು. ಉತ್ಸಾಹದಿಂದ ತಿಂಗಳ ಮೊದಲ ವಾರದಲ್ಲೇ ಕೊರೆದವರ ಮನೆ ಮುಂದೆ, ಅದರಲ್ಲೂ ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ, ಬೂಷ್ಟು ಹಿಡಿದ ಮುದುಕನೊಬ್ಬ ಬಾಯಿ ಒಳಗೆಳೆದುಕೊಂಡು ಕೂತಿರುತ್ತಾನೆ. ಅಳಿಲು ಕಿವಿ ತಿಂದಿರುತ್ತದೆ.

ಗಾತ್ರದ ಪೈಪೋಟಿಗೆ ಇಳಿಯಬೇಡಿ. ಸ್ಯಾನ್ ಫ್ರಾನ್ಸಿಸ್ಕೋಗೆ ದಕ್ಷಿಣದ ಹಾಫ್ ಮೂನ್ ಬೇ ಊರಿನ ತೂಕದ ಸ್ಪರ್ಧೆಗೆ 2023ರಲ್ಲಿ ಮಿನ್ನೆಸೋಟಾದ ತೋಟಗಾರಿಕೆ ಮೇಷ್ಟ್ರು ಟ್ರಾವಿಸ್ ಗಿಂಗರ್ ತಂದ ಕಾಯಿಯ ತೂಕ 2,749 ಪೌಂಡ್, ಅಂದರೆ 1,247 ಕಿಲೊ. ನಿಮ್ಮ ಕಾರಿನ ತೂಕ ಅದರ ಆಸುಪಾಸಿನಲ್ಲೇ ಇರಬಹುದು.

ಇನ್ನೊಂದು ಎಚ್ಚರಿಕೆ ನಮ್ಮವರಿಗೆ ಮಾತ್ರ. ಬಾಗಿಲಿಗೆ ದೃಷ್ಟಿಗೆಂದು ಬೂದುಗುಂಬಳ ಕಟ್ಟಿ ಬೆಳೆದವರು ನಾವು. ಆಯುಧಪೂಜೆಯ ಮರುದಿನ ಬೆಂಗಳೂರಿನ ರಸ್ತೆಗಳಲ್ಲಿ ಒಡೆದ ಕಾಯಿ, ಕುಂಕುಮದ ನಡುವೆ ಸ್ಕೂಟರು ಜಾರಿಸಿಕೊಂಡು ಹೋದವರು. ಕೆಲಸ ಮುಗಿದ ಕುಂಬಳಕಾಯಿ ಕಂಡರೆ ನಮ್ಮ ಕೈ ತಾನಾಗಿ ಮೇಲೇಳುತ್ತದೆ. ಇಳಿಸಿ. ಇಲ್ಲಿ ಬೀದಿಯಲ್ಲಿ ಕುಂಬಳಕಾಯಿ ಒಡೆಯುವುದು ಪುಂಡರ ಕೆಲಸ, ಮನೆ ಮಾಲೀಕರ ಸಂಘದಿಂದ ಪತ್ರ ಬರುತ್ತದೆ. ಹಸಿ ಕಸದ ತೊಟ್ಟಿಗೆ ಹಾಕಿ, ಒಳಗಿನ ಮೇಣದಬತ್ತಿ ತೆಗೆದು.

ಸ್ವಿಚ್

ಇಡೀ ಯಂತ್ರಕ್ಕೆ ಸ್ವಿಚ್ ಒಂದೇ. ಮನೆಯ ಮುಂಬಾಗಿಲ ಮೇಲಿನ ದೀಪ. ಉರಿಯುತ್ತಿದ್ದರೆ ‘ಬನ್ನಿ’. ಆರಿದ್ದರೆ ‘ಬರಬೇಡಿ’. ಇದನ್ನು ಎಲ್ಲೂ ಬರೆದು ಹಾಕಿರುವುದಿಲ್ಲ, ಬಾಡಿಗೆ ಕರಾರಿನ ನಲವತ್ತು ಪುಟದಲ್ಲೂ ಇರುವುದಿಲ್ಲ. ಮೂರು ವರ್ಷದ ಮಗುವಿಗೂ ಗೊತ್ತಿರುತ್ತದೆ.

ನಮ್ಮವರಲ್ಲಿ ಒಂದು ಪೀಳಿಗೆಗೆ ಇದರ ತಿರುವುಮುರುವು ಆವೃತ್ತಿ ಗೊತ್ತು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಸುತ್ತಲ ಊರುಗಳಲ್ಲಿ ರಾತ್ರಿ ಹೊತ್ತು ದೆವ್ವವೊಂದು ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುತ್ತದೆ, ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಜನ ಬಾಗಿಲ ಮೇಲೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿ ವಾಪಸ್ ಹೋಗುತ್ತಿತ್ತು, ಮರುದಿನ ಬಂದು ಅದನ್ನೇ ಓದುತ್ತಿತ್ತು. ಕನ್ನಡ ಓದಲು ಬಲ್ಲ, ಸರ್ಕಾರಿ ಕಚೇರಿಯ ಶಿಸ್ತು ಅರಿತ ದೆವ್ವ. ಅಂಥ ಬಾಗಿಲುಗಳ ಹಿಂದೆ ಹೊದಿಕೆ ಎಳೆದುಕೊಂಡು ಮಲಗಿದ್ದ ಮಕ್ಕಳೇ ಈಗ ಇಲ್ಲಿ ಮನೆ ಸಾಲ ಕಟ್ಟುತ್ತಿರುವವರು. ಬಾಗಿಲಾಚೆ ಬಿಳಿ ಬಟ್ಟೆ ಹೊದ್ದ ಆಕೃತಿಯೊಂದು ನಿಂತು ತಟ್ಟಿದಾಗ ಇವರ ಕೈ ಚಿಲಕದ ಮೇಲೆ ಅರೆಕ್ಷಣ ತಡೆದರೆ ಅದು ಯಂತ್ರದೋಷ ಅಲ್ಲ.

ದೀಪ ಆರಿಸಿ, ಪರದೆ ಎಳೆದು, ಟಿವಿಯ ಸದ್ದು ತಗ್ಗಿಸಿ ಕೂರುವುದು ಅಮೆರಿಕದ ‘ನಾಳೆ ಬಾ’. ಮೊದಲ ವರ್ಷ ಬಹಳಷ್ಟು ಜನ ಮಾಡುವುದು ಅದನ್ನೇ. ಯಾರೂ ಬೈಯುವುದಿಲ್ಲ. ಆದರೆ ದೀಪ ಹಾಕಿದಿರೋ, ಬಾಗಿಲ ಹತ್ತಿರ ಇರಿ. ದೀಪ ಉರಿಸಿ ಬಾಗಿಲು ತೆರೆಯದಿರುವುದು ಕೆಟ್ಟ ನಡತೆ. ಬಟ್ಟಲನ್ನು ಹೊರಗಿಟ್ಟು ‘ಒಂದೊಂದೇ ತೆಗೆದುಕೊಳ್ಳಿ’ ಎಂಬ ಚೀಟಿ ಅಂಟಿಸಿ ಒಳಗೆ ಕೂರುವ ಪದ್ಧತಿಯೂ ಇದೆ. ಕರೆಗಂಟೆಯ ಕ್ಯಾಮೆರಾದಲ್ಲಿ ದೃಶ್ಯ ಕಾಣುತ್ತದೆ: ಮೊದಲ ಏಳು ಮಕ್ಕಳು ಒಂದೊಂದೇ ತೆಗೆದುಕೊಳ್ಳುತ್ತವೆ, ಎಂಟನೆಯದು ಬಟ್ಟಲನ್ನೇ ಚೀಲಕ್ಕೆ ಮಗುಚುತ್ತದೆ. ಅದರ ಫೋಟೊ ಬೀದಿಯ ಗುಂಪಿಗೆ ಹಾಕಿ ನ್ಯಾಯ ಕೇಳುವವರೂ ಇದ್ದಾರೆ. ನೀವು ಹಾಗೆ ಮಾಡಬೇಡಿ. ಆ ಮಗುವಿನ ತಾಯಿಯನ್ನು ನಾಳೆ ಬಸ್‌ಸ್ಟಾಪಿನಲ್ಲಿ ನೋಡಬೇಕಾಗುತ್ತದೆ.

ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವವರಿಗೆ ಈ ಸ್ವಿಚ್ ಕೆಲಸ ಮಾಡುವುದಿಲ್ಲ. ಮಕ್ಕಳು ಮೆಟ್ಟಿಲು ಹತ್ತುವುದಿಲ್ಲ. ನಿಮ್ಮ ಮಕ್ಕಳನ್ನೇ ಕಾರಿನಲ್ಲಿ ಕೂರಿಸಿಕೊಂಡು ಒಂಟಿ ಮನೆಗಳ ಬೀದಿಗೆ ಹೋಗಿ. ಎಲ್ಲರೂ ಹಾಗೇ ಮಾಡುತ್ತಾರೆ. ದೊಡ್ಡ ಮನೆಗಳ ಬೀದಿಯವರು ಹೊರಗಿನವರು ಬರುತ್ತಾರೆಂದು ಗೊಣಗುತ್ತಾರೆ. ಗೊಣಗುತ್ತಲೇ ಹೆಚ್ಚು ಕ್ಯಾಂಡಿ ತಂದಿಟ್ಟಿರುತ್ತಾರೆ.

ವೇಷ

ಪ್ರತಿ ಕನ್ನಡ ಮನೆಯ ಸೂಟ್‌ಕೇಸಿನಲ್ಲೂ ಒಂದು ಕೃಷ್ಣನ ಪೋಷಾಕು ಇರುತ್ತದೆ. ಜನ್ಮಾಷ್ಟಮಿಗೆ ಕೊಂಡದ್ದು: ಹಳದಿ ಪಂಚೆ, ನವಿಲುಗರಿಯ ಕಿರೀಟ, ಕೊಳಲು, ಥರ್ಮೋಕೋಲಿನ ಬೆಣ್ಣೆ ಮೆತ್ತಿದ ಪುಟ್ಟ ಗಡಿಗೆ. ಹ್ಯಾಲೋವೀನ್‌ಗೆ ಇದಕ್ಕಿಂತ ಸರಿಯಾದ ವೇಷ ಇಲ್ಲ, ಗಡಿಗೆಯಲ್ಲೇ ಕ್ಯಾಂಡಿ ತುಂಬಿಕೊಳ್ಳಬಹುದು. ತೊಡಕು ಎರಡೇ: ಕದ್ದು ತಿನ್ನುವ ದೇವರಿಗೆ ಕೇಳಿ ತಿನ್ನುವುದನ್ನು ಕಲಿಸಬೇಕು. ಮತ್ತೆ, ನಿಮ್ಮ ಮಗ ಅದನ್ನು ಒಪ್ಪುವುದಿಲ್ಲ. ಅವನಿಗೆ ಸ್ಪೈಡರ್‌ಮ್ಯಾನ್ ಬೇಕು. ಅವನ ತರಗತಿಯ ಇನ್ನೂ ಆರು ಮಂದಿಗೂ ಅದೇ ಬೇಕಾಗಿದೆ ಎಂದರೆ ಅವನ ಹಟ ಇಮ್ಮಡಿಯಾಗುತ್ತದೆ. ಕೊಡಿಸಿ.

ಶಾಲೆಯ ಸುತ್ತೋಲೆ ಓದಿ. ಹೆಚ್ಚಿನ ಕಡೆ ಮುಖವಾಡ ಬೇಡ, ಆಟಿಕೆಯ ಕತ್ತಿ ಗದೆ ಬೇಡ, ರಕ್ತ ಬೇಡ. ಆಂಜನೇಯನನ್ನು ಗದೆಯಿಲ್ಲದೆ ಕಳಿಸಬೇಕಾಗುತ್ತದೆ. ಕೆಲವು ಶಾಲೆಗಳು ಹ್ಯಾಲೋವೀನ್ ಎನ್ನದೆ ಸುಗ್ಗಿ ಹಬ್ಬ ಎಂದು ಕರೆದು ಪುಸ್ತಕದ ಪಾತ್ರಗಳ ವೇಷಕ್ಕೆ ಮಾತ್ರ ಒಪ್ಪಿಗೆ ಕೊಡುತ್ತವೆ.

ಆಫೀಸಿನಲ್ಲಿ ವೇಷ ಹಾಕುವ ಮುನ್ನ ಇನ್ನಿಬ್ಬರನ್ನು ಕೇಳಿ ಖಾತರಿ ಮಾಡಿಕೊಳ್ಳಿ. ಪೂರ್ತಿ ವೇಷದಲ್ಲಿ ಬಂದವರು ನೀವೊಬ್ಬರೇ ಆದರೆ ಆ ದಿನದ ಬಜೆಟ್ ಮೀಟಿಂಗ್‌ನಲ್ಲಿ ಬಾಳೆಹಣ್ಣಾಗಿ ಕೂತು ಅಂಕಿಅಂಶ ವಿವರಿಸಬೇಕಾಗುತ್ತದೆ.

ಇಂಧನ

ಮಕ್ಕಳ ಕೈಗೆ ಹಾಕುವ ಸಣ್ಣ ಚಾಕೊಲೇಟುಗಳನ್ನು ದೊಡ್ಡ ಚೀಲಗಳಲ್ಲಿ ಮಾರುತ್ತಾರೆ. ಹಬ್ಬಕ್ಕೆ ವಾರ ಇದ್ದಾಗ ಕೊಳ್ಳಿ. ತಿಂಗಳ ಮೊದಲೇ ಕೊಂಡರೆ ಅಕ್ಟೋಬರ್ 31ಕ್ಕೆ ಚೀಲ ಮಾತ್ರ ಉಳಿಯುತ್ತದೆ, ಮನೆಯಲ್ಲಿ ಯಾರೂ ತಿಂದಿರುವುದಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಜೆಲಟಿನ್ ಎಂದರೆ ಹಂದಿ, ದನದ ಚರ್ಮ ಮತ್ತು ಮೂಳೆಯಿಂದ ತೆಗೆದ ಅಂಟು. ಮಾರ್ಷ್‌ಮ್ಯಾಲೊದಲ್ಲಿ ಇದೆ, ಅಂಟಂಟು ಕರಡಿಗಳಲ್ಲಿ ಇದೆ, ಇಲ್ಲಿ ಮಾರುವ ಸ್ಟಾರ್‌ಬರ್ಸ್ಟ್‌ನಲ್ಲಿ ಇದೆ. ಬಿಳಿ, ಕಿತ್ತಳೆ, ಹಳದಿ ಪಟ್ಟೆಯ ಕ್ಯಾಂಡಿ ಕಾರ್ನ್ ಎಂಬ ಜೋಳದ ಕಾಳಿನಾಕಾರದ ಸಿಹಿ 1880ರ ದಶಕದಿಂದ ಈ ದೇಶವನ್ನು ಕಾಡುತ್ತಿದೆ. ಅದರಲ್ಲಿ ಸಾಮಾನ್ಯವಾಗಿ ಜೆಲಟಿನ್ನೂ ಉಂಟು, ಹೊಳಪಿಗೆ ಅರಗಿನ ಹುಳುವಿನ ಅಂಟೂ ಉಂಟು. ರುಚಿಯೂ ಇಲ್ಲವಾದ್ದರಿಂದ ಬಿಟ್ಟರೆ ನಷ್ಟವಿಲ್ಲ. ಸ್ಕಿಟಲ್ಸ್‌ನಲ್ಲಿ ಈಗ ಜೆಲಟಿನ್ ಇಲ್ಲ. ಮೊಟ್ಟೆ ಮುಟ್ಟದವರು ಸ್ನಿಕರ್ಸ್ ಹೊದಿಕೆಯ ಹಿಂದಿನ ಸಣ್ಣ ಅಕ್ಷರ ಓದಿ: ಮೊಟ್ಟೆಯ ಬಿಳಿ. ಓದಿಯಾದ ಮೇಲೆ ಹಿಂದೆ ತಿಂದದ್ದನ್ನು ನೆನೆಯಬೇಡಿ, ಊರಿಗೆ ಫೋನ್ ಮಾಡಿ ಹೇಳಲೂಬೇಡಿ.

ಮನೆಯಲ್ಲಿ ಮಾಡಿದ್ದನ್ನು ಕೊಡಕೂಡದು. ನಿಮ್ಮ ಕೋಡುಬಳೆ, ರವೆ ಉಂಡೆ ಎಷ್ಟೇ ಚೆನ್ನಾಗಿರಲಿ, ಮಕ್ಕಳು ಮನೆ ಮುಟ್ಟಿದ ಕೂಡಲೇ ಅವರಪ್ಪ ಅದನ್ನು ಕಸಕ್ಕೆ ಹಾಕುತ್ತಾನೆ. ಅಪರಿಚಿತರು ಕ್ಯಾಂಡಿಯಲ್ಲಿ ವಿಷ, ಬ್ಲೇಡು ಇಡುತ್ತಾರೆ ಎಂಬ ಭಯ ಇಲ್ಲಿನ ತಂದೆತಾಯಿಗಳಿಗೆ ದಶಕಗಳಿಂದ ಇದೆ. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಗಳಿಗೆ ಸೈನೈಡ್ ಬೆರೆಸಿ ಏಳು ಜನ ಸತ್ತ ಮೇಲೆ ಅದು ಇನ್ನೂ ಬಲಿಯಿತು. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿದ್ದಾರೆ. ಮನೆಮನೆ ಸುತ್ತಿ ತಂದ ತಿಂಡಿಯಲ್ಲಿ ಅಪರಿಚಿತರು ಬೆರೆಸಿದ ವಿಷದಿಂದ ಮಗುವೊಂದು ಸತ್ತದ್ದಕ್ಕೆ ಅವರಿಗೆ ಆಧಾರ ಸಿಕ್ಕಿಲ್ಲ. 1974ರಲ್ಲಿ ಟೆಕ್ಸಸ್‌ನಲ್ಲಿ ವಿಷದ ಕ್ಯಾಂಡಿ ತಿಂದು ಸತ್ತ ಹುಡುಗನಿಗೆ ಅದನ್ನು ಕೊಟ್ಟದ್ದು ವಿಮೆಯ ಹಣಕ್ಕೆ ಆಸೆಪಟ್ಟ ಅವನ ಸ್ವಂತ ತಂದೆ. ಇಷ್ಟಾದರೂ ಭಯ ಹೋಗಿಲ್ಲ, ಹೋಗುವುದೂ ಇಲ್ಲ. ಪ್ಯಾಕೆಟ್ಟಿನದನ್ನೇ ಕೊಡಿ. ಕೋಡುಬಳೆ ನಾವು ತಿನ್ನೋಣ.

ಕೆಲವು ಮನೆಗಳ ಮುಂದೆ ಹಸಿರು-ನೀಲಿ ಬಣ್ಣ ಬಳಿದ ಕುಂಬಳಕಾಯಿ ಕಾಣುತ್ತದೆ. ನೆಲಗಡಲೆ, ಹಾಲು ಮೊದಲಾದವು ಮೈಗೆ ಒಗ್ಗದ ಮಕ್ಕಳಿಗೆ ಇಲ್ಲಿ ತಿಂಡಿಯ ಬದಲು ಪೆನ್ಸಿಲ್ಲೋ ಆಟಿಕೆಯೋ ಸಿಗುತ್ತದೆ ಎಂಬ ಗುರುತು. 2014ರಿಂದ ದೇಶದ ತುಂಬ ಹಬ್ಬಿದೆ. ಒಂದು ಡಬ್ಬಿ ಪೆನ್ಸಿಲ್ ತಂದಿಟ್ಟುಕೊಳ್ಳುವುದು ಕಷ್ಟವೇನಲ್ಲ.

ನಿಮ್ಮ ಮಗು ತಂದದ್ದರಲ್ಲಿ ತಂದೆತಾಯಿಗೆ ತೆರಿಗೆ ಸಲ್ಲಬೇಕೆಂಬುದು ಈ ದೇಶದ ಒಪ್ಪಿತ ಸಂಪ್ರದಾಯ. ದರ ನಿಮಗೆ ಬಿಟ್ಟದ್ದು.

ಹಿರಿಯರು ಮನೆಯಲ್ಲಿದ್ದರೆ

ಆರು ತಿಂಗಳಿಗೆಂದು ಬಂದ ಅಮ್ಮನಿಗೆ ಅಕ್ಟೋಬರ್ ಮೊದಲ ವಾರವೇ ವಿಷಯ ತಿಳಿಸಿ. ಇಲ್ಲದಿದ್ದರೆ ಬೆಳಗಿನ ವಾಕಿಂಗ್‌ನಿಂದ ಅರ್ಧದಾರಿಯಲ್ಲೇ ವಾಪಸಾಗುತ್ತಾರೆ. ಬೀದಿಯ ತಿರುವಿನ ಮನೆಯವರು ಹುಲ್ಲುಹಾಸಿನ ಮೇಲೆ ಗೋರಿಕಲ್ಲು ನಿಲ್ಲಿಸಿ, ಮಣ್ಣಿನಿಂದ ಕೈಯೊಂದು ಮೇಲೆದ್ದು ಬರುವಂತೆ ಮಾಡಿರುತ್ತಾರೆ. ಅದರ ಪಕ್ಕದಲ್ಲಿ 12 ಅಡಿಯ ಅಸ್ಥಿಪಂಜರ. 2020ರಲ್ಲಿ ಹೋಮ್ ಡಿಪೊ ಅದನ್ನು 299 ಡಾಲರಿಗೆ ಮಾರಾಟಕ್ಕಿಟ್ಟ ಮೇಲೆ ಬೀದಿಗೊಂದರಂತೆ ನಿಂತಿದೆ.

‘ಮನೆ ಮುಂದೆ ಯಾರಾದರೂ ಸ್ಮಶಾನ ಮಾಡ್ಕೋತಾರಾ?’ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಅವರ ಪಾಲಿಗೆ ಸತ್ತವರ ಕಾಲ ಎಂದರೆ ಮಹಾಲಯ ಪಕ್ಷ, ಅದು ಆಗಲೇ ಮುಗಿದಿದೆ. ಎಡೆ ಇಟ್ಟಾಗಿದೆ, ಹಿರಿಯರು ಉಂಡು ಹೋಗಿದ್ದಾರೆ. ಇವರು ಮತ್ತೆ ಯಾರನ್ನು ಕರೆಯುತ್ತಿದ್ದಾರೆ? ವಿವರಿಸಲು ಹೋಗಬೇಡಿ. ಸಂಜೆ ಆರಕ್ಕೆ ಬಾಗಿಲ ಪಕ್ಕ ಕುರ್ಚಿ ಹಾಕಿ, ಶಾಲು ಹೊದಿಸಿ, ಕ್ಯಾಂಡಿ ಬಟ್ಟಲು ಅವರ ಮಡಿಲಲ್ಲಿಡಿ. ಯಂತ್ರ ತನ್ನಷ್ಟಕ್ಕೆ ಸರಿಹೋಗುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಬಾಗಿಲಿಗೆ ಬಂದ ಮಕ್ಕಳನ್ನು ಬರಿಗೈಲಿ ಕಳಿಸದವರು ಅವರು. ಇಂಗ್ಲಿಷ್ ಬೇಕಾಗುವುದಿಲ್ಲ. ‘ಬಾ ಪುಟ್ಟ, ಇದು ಯಾವ ವೇಷ?’ ಎಂದರೆ ಡ್ರಾಕುಲಾ ಹಲ್ಲು ಕಿರಿಯುತ್ತಾನೆ. ಎರಡು ಹಿಡಿ ಕೊಡುತ್ತಾರೆ. ಒಂದೊಂದೇ ಕೊಡಬೇಕೆಂದು ನೀವು ಹಿಂದಿನಿಂದ ಪಿಸುಗುಟ್ಟಿದರೆ ಕೇಳಿಸದವರಂತೆ ಇರುತ್ತಾರೆ. ಏಳೂವರೆಗೆ ಕ್ಯಾಂಡಿ ಖಾಲಿ. ಬೀದಿಯಲ್ಲಿ ನಿಮ್ಮ ಮನೆಯ ಹೆಸರು ಆ ರಾತ್ರಿಯೇ ನಿಗದಿಯಾಗುತ್ತದೆ: ಅಜ್ಜಿ ಇರುವ ಮನೆ.

ನಿಜವಾದ ಅಪಾಯ

ಭೂತವಲ್ಲ, ವಿಷವಲ್ಲ, ಕಾರು. 1975ರಿಂದ 2016ರವರೆಗಿನ ಅಮೆರಿಕದ ಅಪಘಾತಗಳ ಲೆಕ್ಕ ತೆಗೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು: ಅಕ್ಕಪಕ್ಕದ ವಾರಗಳ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆ ಪಾದಚಾರಿಗಳ ಸಾವಿನ ಅಪಾಯ ಶೇ 43ರಷ್ಟು ಹೆಚ್ಚು. ಕಪ್ಪು ಬಟ್ಟೆ ತೊಟ್ಟ ಮಾಟಗಾತಿ ಕತ್ತಲ ರಸ್ತೆಗೆ ಓಡಿದರೆ ಯಾವ ಚಾಲಕನಿಗೂ ಕಾಣುವುದಿಲ್ಲ. ಮಗುವಿನ ಬೆನ್ನಿಗೆ, ಚೀಲಕ್ಕೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ, ಕೈಗೆ ಟಾರ್ಚ್ ಕೊಡಿ, ರಸ್ತೆಯ ಮೂಲೆಯಲ್ಲೇ ದಾಟಿಸಿ. ಆ ಸಂಜೆ ನೀವು ಕಾರು ತೆಗೆಯಲೇಬೇಕಾದರೆ ನಡಿಗೆಯ ವೇಗದಲ್ಲಿ ಹೋಗಿ. ಈ ಪ್ಯಾರಾದಲ್ಲಿ ತಮಾಷೆ ಇಲ್ಲ.

ಬೆಳಕಿನ ವಿಚಾರದಲ್ಲಿ ಕಾನೂನು ಒಂದಿಷ್ಟು ನೆರವಾಗಿದೆ. ಗಡಿಯಾರವನ್ನು ಒಂದು ಗಂಟೆ ಹಿಂದಿಡುವ ದಿನ ಮೊದಲು ಅಕ್ಟೋಬರ್‌ನ ಕೊನೆಯ ಭಾನುವಾರ ಇತ್ತು. 2005ರ ಕಾಯ್ದೆಯೊಂದು ಅದನ್ನು 2007ರಿಂದ ನವೆಂಬರ್‌ನ ಮೊದಲ ಭಾನುವಾರಕ್ಕೆ ತಳ್ಳಿತು. ಹಬ್ಬದ ಸಂಜೆಗೆ ಒಂದು ಗಂಟೆ ಬೆಳಕು ಹೆಚ್ಚು ಸಿಕ್ಕಿತು. ಇಂಥ ಬದಲಾವಣೆಗೆ ಕ್ಯಾಂಡಿ ತಯಾರಕರು ವರ್ಷಗಟ್ಟಲೆ ಒತ್ತಾಯಿಸುತ್ತಿದ್ದರು; ಮಕ್ಕಳ ಸುರಕ್ಷತೆಗೆ ಎಂದರು, ನಂಬೋಣ.

ಇತರ ಹಬ್ಬಗಳೊಂದಿಗೆ ಹೊಂದಾಣಿಕೆ

ಪಂಚಾಂಗ ನೋಡಿಕೊಳ್ಳಿ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಮಾಟಗಾತಿ. ಹೊಸ್ತಿಲಲ್ಲಿ ರಂಗೋಲಿ, ಅದರ ಮೇಲೆ ಹತ್ತಿಯ ಜೇಡರಬಲೆ. ಮರುದಿನ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ಮೊದಲ ಬಾರಿಗೆ ದೀಪಾವಳಿಯ ರಜೆ. ಅಲ್ಲಿನ ಮಕ್ಕಳು ರಾತ್ರಿ ಎಷ್ಟು ಹೊತ್ತು ಕ್ಯಾಂಡಿ ಎಣಿಸಿದವೋ ದೇವರೇ ಬಲ್ಲ.

ಇಂಥ ವರ್ಷಗಳಲ್ಲಿ ಮೂರು ಸಂಗತಿ ಗಮನಿಸಿ. ಮೆಟ್ಟಿಲ ಸಾಲಿನಲ್ಲಿ ಎಣ್ಣೆ ಹಣತೆ ಇಡಬೇಡಿ, ನೆಲ ಗುಡಿಸುವ ಉದ್ದನೆಯ ಪಾಲಿಯೆಸ್ಟರ್ ಲಂಗಗಳು ಅದರ ಮೇಲೆ ಹಾದುಹೋಗುತ್ತವೆ; ಬ್ಯಾಟರಿ ದೀಪ ಸಾಕು. ಎರಡನೆಯದು, ಮನೆಯ ತುಂಬ ದೀಪ ಹಚ್ಚಿದವರಿಗೆ ಸ್ವಿಚ್ ಆರಿಸುವ ಅವಕಾಶವೇ ಇಲ್ಲ. ನಿಮ್ಮ ಮನೆ ಇಡೀ ಬೀದಿಯಲ್ಲಿ ಹೆಚ್ಚು ಬೆಳಗುವುದರಿಂದ ಎಲ್ಲ ಮಕ್ಕಳೂ ಮೊದಲು ಅಲ್ಲಿಗೇ ಬರುತ್ತವೆ. ಮೂರನೆಯದು, ನೀವು ಮೈಸೂರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು ಬಾಗಿಲು ತೆರೆದಾಗ ಪುಟ್ಟ ಮಗುವೊಂದು ನಿಮ್ಮ ವೇಷ ಸೊಗಸಾಗಿದೆ ಎನ್ನುತ್ತದೆ. ಹಿಂದೆ ನಿಂತ ಅದರ ತಾಯಿಯ ಮುಖ ಕೆಂಪಾಗುತ್ತದೆ. ಥ್ಯಾಂಕ್ಸ್ ಹೇಳಿ, ಇವತ್ತು ನಮ್ಮ ಹಬ್ಬ ಎಂದು ಹೇಳಿ, ಇಬ್ಬರ ಕೈಗೂ ಒಂದೊಂದು ಅಂಗಡಿಯ ಸೋನ್‌ಪಾಪಡಿ ಪ್ಯಾಕೆಟ್ ಇಡಿ. ದೀಪಾವಳಿಗೆ ಬಂದ ಸೋನ್‌ಪಾಪಡಿಯನ್ನು ಸಾಗಿಸಲು ಇಷ್ಟು ಒಳ್ಳೆಯ ಅವಕಾಶ ಭಾರತದಲ್ಲೂ ಸಿಗುವುದಿಲ್ಲ.

ಪ್ರಾದೇಶಿಕ ಮಾದರಿಗಳು

ಮಿನ್ನೆಸೋಟಾ ಮಾದರಿಯಲ್ಲಿ ವೇಷದ ಕೆಳಗೆ ಚಳಿಕೋಟು ತೊಡಿಸಬೇಕು, ಆದ್ದರಿಂದ ವೇಷವನ್ನು ಎರಡು ಅಳತೆ ದೊಡ್ಡದು ಕೊಳ್ಳಿ. 1991ರ ಹ್ಯಾಲೋವೀನ್ ದಿನ ಅಲ್ಲಿ ಶುರುವಾದ ಹಿಮಪಾತ ನವೆಂಬರ್ 3ರವರೆಗೆ ಸುರಿದು ಮಿನ್ನಿಯಾಪೊಲಿಸ್ ಸುತ್ತಮುತ್ತ 28 ಇಂಚಿಗೂ ಹೆಚ್ಚು ಬಿತ್ತು. ಆಗ ಮಕ್ಕಳಾಗಿದ್ದವರು ಆ ಕಥೆಯನ್ನು ಈಗಲೂ ಹೇಳುತ್ತಾರೆ, ಕೇಳಿಸಿಕೊಳ್ಳಿ. ಅಯೋವಾದ ಡೆಮೊಯ್ನ್ ಊರಿನಲ್ಲಿ 1938ರಿಂದ ಬಂದ ರೂಢಿಯಂತೆ ಮಗು ಮೊದಲು ಒಂದು ಜೋಕ್ ಹೇಳಬೇಕು, ಆಮೇಲೆ ಕ್ಯಾಂಡಿ. ದುಡಿದು ತಿನ್ನುವ ಈ ಪದ್ಧತಿ ನನಗೆ ಎಲ್ಲಕ್ಕಿಂತ ಇಷ್ಟ. ನ್ಯೂಜೆರ್ಸಿಯಲ್ಲಿ ಅಕ್ಟೋಬರ್ 30ರ ರಾತ್ರಿಯೇ ಕಾರನ್ನು ಗ್ಯಾರೇಜಿಗೆ ಸೇರಿಸಿ. ಅದು ಕಿಡಿಗೇಡಿಗಳ ರಾತ್ರಿ, ಮೊಟ್ಟೆ ಮತ್ತು ಟಾಯ್ಲೆಟ್ ಪೇಪರ್ ಹಾರಾಡುತ್ತವೆ. ಮ್ಯಾಸಚೂಸೆಟ್ಸ್‌ನ ಸೇಲಂ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದ ಊರು, ಈಗ ಅಕ್ಟೋಬರ್ ಪೂರ್ತಿ ಪಾರ್ಕಿಂಗ್ ಸಿಗದ ಊರು. ನಿರಪರಾಧಿಗಳನ್ನು ಕೊಂದ ಜಾಗದಲ್ಲಿ ಚೂಪು ಟೋಪಿ ಮಾರುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಹೋಗುವುದಾದರೆ ಅವರ ಹೆಸರು ಕೆತ್ತಿದ ಕಲ್ಲುಗಳ ಬಳಿ ಮೊದಲು ಹೋಗಿ.

ದೋಷ ನಿವಾರಣೆ

ಯಾರೂ ಬರುತ್ತಿಲ್ಲ: ದೀಪ ಹಾಕಿದ್ದೀರಾ ನೋಡಿ. ಹಾಕಿದ್ದರೆ ಕುರ್ಚಿ ಎತ್ತಿಕೊಂಡು ಡ್ರೈವ್‌ವೇಯಲ್ಲಿ ಕೂರಿ. ಎದುರು ಮನೆಯವರೂ ಹಾಗೇ ಕೂತಿರುತ್ತಾರೆ. ಹೆಸರು ಕೇಳಿ.

ಕ್ಯಾಂಡಿ ಮುಗಿಯಿತು: ದೀಪ ಆರಿಸಿ. ಬಾಳೆಹಣ್ಣು ಕೊಡಬೇಡಿ.

ಮೀಸೆ ಚಿಗುರಿದ, ವೇಷವೇ ಇಲ್ಲದ ಹದಿನಾರರ ಹುಡುಗರು ದಿಂಬಿನ ಕವರ್ ಹಿಡಿದು ಬಂದಿದ್ದಾರೆ: ಕೊಟ್ಟುಬಿಡಿ. ಮುಂದಿನ ವರ್ಷ ಅವರು ಬರುವುದಿಲ್ಲ.

ನಿಮ್ಮ ಮಗು ಹನ್ನೊಂದಕ್ಕೂ ಮಲಗುತ್ತಿಲ್ಲ: ಇದು ದೋಷವಲ್ಲ, ಸಕ್ಕರೆ ಮತ್ತು ಸಂಭ್ರಮ.

ಸಂಜೆ ಆರೂವರೆಗೆ ಬೆಂಗಳೂರಿನ ತಂಡದೊಂದಿಗೆ ದಿನದ ಕರೆ ಇದೆ, ಬಾಗಿಲಿಗೆ ಹೋಗುವುದು ಹೇಗೆ: ಹೋಗಿ. ಕ್ಯಾಲಿಫೋರ್ನಿಯಾದ ಅಕ್ಟೋಬರ್ 31ರ ಸಂಜೆ ಆರೂವರೆ ಎಂದರೆ ಅಲ್ಲಿ ನವೆಂಬರ್ 1ರ ಬೆಳಿಗ್ಗೆ ಏಳು. ಕನ್ನಡ ರಾಜ್ಯೋತ್ಸವ. ಅವರಿಗೆ ರಜೆ.